ಕೊಕ್ಕರೆಗಲ್ಲಿನ ಇಂಟು ಗುರುತು

'ಎಪ್ಪತ್ತೈದು ವರ್ಷಗಳಲ್ಲಿ ಒಂದು ದಿನವೂ ತಪ್ಪದೆ ಸಮುದ್ರದ ಶಾಖವನ್ನು ಅಳೆದು ಬರೆದಿಟ್ಟ ಕೇಂದ್ರ ನಮ್ಮದು.'

ಇದು ನಾನು ಬರೆಯುತ್ತಿದ್ದ ಚರಿತ್ರೆಯ ಮೊದಲ ವಾಕ್ಯ. ಈ ವಾಕ್ಯ ಸುಳ್ಳು. ಸುಳ್ಳು ಅಂತ ಗೊತ್ತಿದ್ದವರಲ್ಲಿ ಇನ್ನೂ ಬದುಕಿದ್ದವನು ನಾನೊಬ್ಬನೇ.

ನಾನು ಕರಿಬಸವರಾಜ. ಹುಟ್ಟಿದ್ದು ದಾವಣಗೆರೆ, ಈಗ ನಿವೃತ್ತನಾಗಿ ಕೂತಿರುವುದೂ ದಾವಣಗೆರೆ. ನಡುವಿನ ಮೂವತ್ತೆರಡು ವರ್ಷ ಮಾತ್ರ ಕರಾವಳಿಯಾಚೆಯ ಕೊಕ್ಕರೆಗಲ್ಲು ದ್ವೀಪದ ಸಮುದ್ರ ಸಂಶೋಧನಾ ಕೇಂದ್ರದಲ್ಲಿ ಕ್ಲಾರ್ಕ್, ಆಮೇಲೆ ಹೆಡ್ ಕ್ಲಾರ್ಕ್. ಮೀನಿನ ವಾಸನೆಗೆ ಮೂಗು ಮುಚ್ಚುವ ಮನೆಯಿಂದ ಹೋದವನು. ಈಜು ಅವತ್ತೂ ಬರುತ್ತಿರಲಿಲ್ಲ, ಇವತ್ತೂ ಬರುವುದಿಲ್ಲ. ಆದರೆ ನಮ್ಮೂರಿನ ಮದುವೆ ಊಟದ ಪಂಕ್ತಿಗಳಲ್ಲಿ ನಾನು ಸಮುದ್ರದ ಬಗ್ಗೆ ಕೊಚ್ಚಿಕೊಂಡಷ್ಟು ಯಾವ ಬೆಸ್ತನೂ ಕೊಚ್ಚಿಕೊಂಡಿರಲಿಕ್ಕಿಲ್ಲ. ಸಮುದ್ರವನ್ನೇ ಕಾಣದವರ ಮುಂದೆ ಏನು ಹೇಳಿದರೂ ನಡೆಯುತ್ತಿತ್ತು.

ಕೇಂದ್ರ ಶುರುವಾದದ್ದು 1923ರಲ್ಲಿ. ಒಬ್ಬ ಬಿಳಿಯ ಅಧಿಕಾರಿ, ಒಂದು ಹೆಂಚಿನ ಶೆಡ್ಡು, ಒಂದು ಸಿಮೆಂಟ್ ತೊಟ್ಟಿ, ಒಂದು ದೋಣಿ. ಯುದ್ಧದ ಕಾಲಕ್ಕೆ ಮಿಲಿಟರಿಯವರು ದೋಣಿ ಕಿತ್ತುಕೊಂಡು ಹೋದರು, ಮೀನುಗಾರರ ದೋಣಿ ಬೇಡಿ ಕೆಲಸ ನಡೆಸಿದರಂತೆ. ಅರವತ್ತೊಂದರ ಬಿರುಗಾಳಿಗೆ ಹೆಂಚು ಹಾರಿ, ಗಾಜಿನ ಜಾಡಿಗಳಲ್ಲಿದ್ದ ಸಾವಿರಾರು ಮೀನು ವಾಪಸ್ಸು ಸಮುದ್ರ ಸೇರಿದವು. ಅವತ್ತು ದೋಣಿ ನಡೆಸುತ್ತಿದ್ದ ಲಾಲ್ ಸಾಬ್ ರಿಜಿಸ್ಟರುಗಳ ಗಂಟನ್ನು ತಲೆ ಮೇಲೆ ಹೊತ್ತು, ಎದೆಮಟ್ಟ ನೀರಿನಲ್ಲಿ ಬೆಳಗಿನವರೆಗೆ ನಿಂತಿದ್ದನಂತೆ. ಹೀಗೆ ಉಳಿದವೂ ಆಮೇಲೆ ಬರೆದವೂ ಸೇರಿ ಹನ್ನೊಂದು ದಪ್ಪ ರಿಜಿಸ್ಟರುಗಳೇ ನಮ್ಮ ಆಸ್ತಿ. ಪ್ರತಿದಿನ ಬೆಳಿಗ್ಗೆ ದೋಣಿ ಎಷ್ಟು ಹೊತ್ತಿಗೆ ಹೊರಟಿತು, ಒಂದು ಮೈಲಿಯಾಚೆ ಬಕೆಟ್ಟಿನಲ್ಲಿ ಎತ್ತಿದ ನೀರಿನ ಶಾಖ ಎಷ್ಟು, ಎಲ್ಲ ಮಸಿಯಲ್ಲಿ ಬರೆದದ್ದು; ನಾನು ನಿವೃತ್ತನಾದ ಮೇಲೆ ಆ ಕೆಲಸ ಯಂತ್ರಕ್ಕೆ ಹೋಯಿತು.

1998ರಲ್ಲಿ ಅಮೃತ ಮಹೋತ್ಸವ. ಚರಿತ್ರೆ ಬರೆಯುವ ಕೆಲಸ ನನಗೆ ಬಂತು. ರಿಜಿಸ್ಟರುಗಳು ಮರದ ಪೆಟ್ಟಿಗೆಯಲ್ಲಿ ಲಾರಿ ಪಾರ್ಸಲ್ ಆಗಿ ನಮ್ಮ ಮನೆಗೆ ಬಂದವು. ಉಪ್ಪುಗಾಳಿಗೆ ಅಂಚೆಲ್ಲ ಉದುರುತ್ತಿತ್ತು, ಹೊಲಿಗೆ ಬಿಟ್ಟಿತ್ತು, ಹುಳು ಕೊರೆದಿತ್ತು. ಫೆಬ್ರವರಿ ಕೊನೆಯ ಸೋಮವಾರ ಅಂಕಿತಾ ಅನ್ನುವ ಹೊಸ ವಿಜ್ಞಾನಿ ಜೀಪಿನಲ್ಲಿ ಬಂದು ಅವನ್ನು ಒಯ್ಯುವವಳಿದ್ದಳು. ಇಂಥ ಹರಕು ಪುಸ್ತಕ ಕೊಟ್ಟರೆ ನನ್ನ ಮಾನ ಏನಾಗಬೇಕು? ಯಾರನ್ನೂ ಕೇಳಲಿಲ್ಲ. ಚೌಕಿಪೇಟೆಯ ಬೈಂಡರ್ ಹಿದಾಯತ್‌ನಿಗೆ ಒಪ್ಪಿಸಿ, "ಮದುಮಗನಂಗೆ ಸಿಂಗಾರ ಮಾಡಿಕೊಡಪ್ಪ" ಅಂದೆ. ಈ ಮಾತು ಆಡಿದ ನಾಲಿಗೆಯನ್ನು ಆಮೇಲೆ ಎಷ್ಟು ಸಲ ಶಪಿಸಿದೆನೋ.

ಶುಕ್ರವಾರ ಮಧ್ಯಾಹ್ನ ನಮಾಜು ಮುಗಿಸಿ ಹಿದಾಯತ್ ಆಟೋದಲ್ಲಿ ಹನ್ನೊಂದನ್ನೂ ತಂದಿಳಿಸಿದ. ಕೆಂಪು ಕ್ಯಾಲಿಕೋ ಬಟ್ಟೆಯ ರಟ್ಟು, ಬೆನ್ನಿಗೆ ಬಂಗಾರದ ಅಕ್ಷರ. ನನಗೆ ಎದೆಯುಬ್ಬಿತು. ಅವನು ಹೋದ ಮೇಲೆ ನನ್ನ ಹೆಂಡತಿ ಸರ್ವಮಂಗಳಮ್ಮ ಕೈ ಒರೆಸಿಕೊಂಡು ಬಂದು ಬೆನ್ನಿನ ಮೇಲಿನ ಇಸವಿಗಳನ್ನು ಒಂದೊಂದಾಗಿ ಓದಿದಳು. ಏಳನೆಯದನ್ನು ಎಳೆದು ಕೂತಳು. 1965ರಿಂದ 71. ನನ್ನ ಕೈಬರಹದ್ದು. ಬಂದವರಿಗೆಲ್ಲ ನಾನು ಯಾವ ಕಾಲಮ್ಮಿನಲ್ಲಿ ಏನಿದೆ ಅಂತ ಕೊರೆಯುವುದನ್ನು ಕೇಳಿ ಕೇಳಿ ಅವಳಿಗೆ ಅದು ಬಾಯಿಪಾಠವಾಗಿತ್ತು.

ಹತ್ತು ನಿಮಿಷ ಕಳೆದಿರಬೇಕು. ತಲೆಯೆತ್ತದೆ ಕೇಳಿದಳು.

"ದೋಣಿ ದಿನಾ ಹೋಗೈತಲ್ರಿ?"

ಯಾವ ಪುಟ ಅಂತ ನೋಡಬೇಕಾಗಿರಲಿಲ್ಲ. ಜುಲೈ 1969.

ಆಗ ನಮ್ಮ ಮದುವೆಯಾಗಿ ಎರಡು ವರ್ಷ. ದ್ವೀಪದಲ್ಲಿ ಸಂಸಾರಕ್ಕೆ ಮನೆ ಇರಲಿಲ್ಲ. ಅವಳು ಚೊಚ್ಚಲ ಹೆರಿಗೆಗೆ ಮಾಯಕೊಂಡದ ತವರಿಗೆ ಹೋಗಿದ್ದಳು. ಜುಲೈ ಏಳಕ್ಕೆ ಹೆಣ್ಣು ಮಗು ಹುಟ್ಟಿತು. ತಂತಿ ಕಳಿಸಿದರು. ಹದಿಮೂರಕ್ಕೆ ಮಗು ತೀರಿಕೊಂಡಿತು, ಹೆಸರೂ ಇಟ್ಟಿರಲಿಲ್ಲ. ಮತ್ತೊಂದು ತಂತಿ. ಎರಡೂ ಹದಿನೇಳನೇ ತಾರೀಕು ಒಂದೇ ದೋಣಿಯಲ್ಲಿ ನನ್ನ ಕೈಗೆ ಬಂದವು. ಎಂಟರಿಂದ ಹದಿನಾರರವರೆಗೆ ಸಮುದ್ರ ಹುಚ್ಚೆದ್ದು, ಶಾಖ ಅಳೆಯುವುದಕ್ಕೂ ದಡದಿಂದ ಟಪಾಲು ತರುವುದಕ್ಕೂ ಇದ್ದ ಆ ಒಂದೇ ದೋಣಿ ಇಳಿದಿರಲಿಲ್ಲ. ನಾನು ಮಾಯಕೊಂಡ ಮುಟ್ಟಿದಾಗ ಅವಳ ಅಣ್ಣ ಬಾಗಿಲಲ್ಲೇ ಅಂದ: "ಸರ್ಕಾರದ ದೋಣಿ ಒಂಬತ್ತು ದಿನ ನಿಂತಿತ್ತಾ? ಯಾರ ಮುಂದೆ ಹೇಳ್ತೀರಿ?" ಆಮೇಲೆ ಇಬ್ಬರು ಮಕ್ಕಳಾದರು, ಬೆಳೆದರು, ಅವರ ಪಾಡಿಗೆ ಅವರಿದ್ದಾರೆ. ಇಪ್ಪತ್ತೊಂಬತ್ತು ವರ್ಷ ಅವಳು ಆ ಮಾತು ಎತ್ತಿರಲಿಲ್ಲ.

ಈಗ ಅವಳ ಬೆರಳು ದೋಣಿ ಹೊರಟ ಹೊತ್ತಿನ ಕಾಲಮ್ಮಿನ ಮೇಲಿತ್ತು. ಎಂಟು, 5-50. ಒಂಬತ್ತು, 5-55. ಹತ್ತು, 6-00. ಎಲ್ಲ ನನ್ನದೇ ದುಂಡಕ್ಷರ, ಕೆಳಗೆ ನನ್ನದೇ ಸಹಿ.

"ಅದು ಹಂಗಲ್ಲ ಮಂಗಳಾ" ಅಂದೆ. "ಮೇಲಿನ ಕಚೇರಿಯವರಿಗೆ ರಿಜಿಸ್ಟರಿನಾಗ ಖಾಲಿ ಮನೆ ಕಂಡ್ರೆ ಆಗ್ತಿರಲಿಲ್ಲ. ಮಳೆಗಾಲದಾಗ ದೋಣಿ ಹೋಗದಿದ್ರೂ ಅಂದಾಜಿನ ಮೇಲೆ ಒಂದು ಹೊತ್ತು, ಒಂದು ಶಾಖ ಬರೀತಿದ್ವಿ. ಮೊದಲನೇ ಬಿಳಿ ಸಾಹೇಬನ ಕಾಲದಿಂದ ಬಂದಿದ್ದು. ಆದರೆ ಬರೆದ ದಿನಾನೇ ಅಂಚಿನಾಗ ಸೀಸದಕಡ್ಡಿಲೆ ಒಂದು ಇಂಟು ಹಾಕ್ತಿದ್ವಿ. ಇಂಟು ಇದ್ರೆ ಸುಳ್ಳು, ಇಲ್ದಿದ್ರೆ ಖರೆ. ನನಗೆ ಕೆಲಸ ಕಲಿಸಿದ ಹಳೇ ಕ್ಲಾರ್ಕ್ ಹೇಳಿದ್ದ, ಮಸಿದು ಕಚೇರಿಗೆ, ಸೀಸದ್ದು ನಮಗೆ ಅಂತ. ನೋಡು, ಇಲ್ಲೇ ಐತೆ..."

ಪುಟದ ಹೊರ ಅಂಚಿಗೆ ಕೈಯಿಟ್ಟೆ. ಅಂಚು ಇರಲಿಲ್ಲ.

ಮಸಿಯ ಗೆರೆ ದಾಟುತ್ತಲೇ ಪುಟ ಮುಗಿದಿತ್ತು. ಕಾಗದ ಹೊಸ ಇಸ್ಪೀಟ್ ಎಲೆಯ ಹಾಗೆ ನುಣ್ಣಗೆ ಕತ್ತರಿಸಿತ್ತು. ಮತ್ತೊಂದು ಪುಟ ತಿರುವಿದೆ, ಮತ್ತೊಂದು ಪುಸ್ತಕ ತೆಗೆದೆ. ಹನ್ನೊಂದರಲ್ಲೂ ಅದೇ ಕಥೆ. ಅವಳು ನೋಡುತ್ತಲೇ ಇದ್ದಳು.

"ಇತ್ತು" ಅಂದೆ. "ಬೈಂಡಿಂಗಿಗೆ ಕೊಡೋ ಮೊದಲು ಇತ್ತು."

"ಹ್ಞೂಂ" ಅಂದು ಎದ್ದು ಒಳಗೆ ಹೋದಳು. ಜಗಳವಾಡಿದ್ದರೆ ಎಷ್ಟೋ ವಾಸಿಯಿತ್ತು.

ಚಪ್ಪಲಿ ಮೆಟ್ಟಿದ್ದೂ ನೆನಪಿಲ್ಲ. ಚೌಕಿಪೇಟೆಗೆ ಓಡಿದೆ. ಅರವತ್ತೆರಡು ವರ್ಷದವನು ಓಡಿದರೆ ಎಷ್ಟು ಓಡಿಯಾನು, ಅಂತೂ ಏದುಸಿರು ಬಿಡುತ್ತಾ ಹೋಗಿ ಹಿದಾಯತ್‌ನ ಮೇಲೆ ಹರಿಹಾಯ್ದೆ.

"ಅಂಚು ಯಾಕಪ್ಪ ಕತ್ತರಿಸ್ದೆ?"

ಅವನು ಗೋಂದಿನ ಕುಂಚ ಹಿಡಿದು ಹಾಗೇ ನಿಂತ. "ಕಟ್ ಹೊಡೀದೆ ಬುಕ್ಕು ಹೆಂಗೆ ಕೊಡ್ಲಿ ಕರಿಬಸಣ್ಣ? ಕ್ಷೌರ ಮಾಡದ ಮದುಮಗನ್ನ ಹಸೆಮಣೆಗೆ ಕೂಡ್ರಿಸ್ತಾರಾ? ನೀವೇ ಸಿಂಗಾರ ಮಾಡು ಅಂದಿದ್ರಿ. ಅಂಚೆಲ್ಲ ಪುಡಿಪುಡಿ ಆಗಿತ್ತು. ಬರಹಕ್ಕೆ ಬ್ಲೇಡು ಮುಟ್ಟಿಲ್ಲ, ಅಲ್ಲಾನ ಆಣೆ."

ಅವನ ತಪ್ಪೇನು? ಯಾವ ಬೈಂಡರ್ ಆದರೂ ಮೂರು ಬದಿ ಕತ್ತರಿಸಿಯೇ ಪುಸ್ತಕ ಕೊಡುವುದು. ಅಂಚಿನ ಗುಟ್ಟನ್ನು ಅವನಿಗೆ ಹೇಳದವನು ನಾನು. ಹೇಳಿದ್ದರೆ ಮೊದಲ ವಾಕ್ಯ ಸುಳ್ಳೆಂದು ಒಪ್ಪಿಕೊಂಡಂತಾಗುತ್ತಿತ್ತಲ್ಲ!

"ಕತ್ತರಿಸಿದ ಪಟ್ಟಿ ಎಲ್ಲಿ?"

ಒಳಗೆ ಪುಟ ಹೊಲಿಯುತ್ತಿದ್ದ ಅವನ ಹೆಂಡತಿ ಅಮೀನಾಬೀ ಹೇಳಿದಳು. "ಹರಿಹರದ ರಂಗವ್ವಗೆ ಕೊಟ್ಟೆ ಅಣ್ಣಾ, ನಿನ್ನೆ ಬಂದಿದ್ಳು. ಒಂದೊಂದು ಬುಕ್ಕಿಂದು ಒಂದೊಂದು ಕಟ್ಟು, ದಾರ ಸುತ್ತಿ ಕೊಟ್ಟೀನಿ. ಹಳೇ ಕಾಗದ ಗಟ್ಟಿ ಇರ್ತೈತೆ ಅಂತ ಆಸೆಪಟ್ಟು ಒಯ್ದಳು."

ರಂಗವ್ವ ಯಾರು, ಕಾಗದ ಯಾಕೆ ಅಂತ ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ನಮ್ಮ ಕಡೆ ಮೊರಕ್ಕೆ ಮರ ಅನ್ನುತ್ತಾರೆ; ಬಿದಿರಿನ ಮರ, ಬುಟ್ಟಿಗಳ ಸಂದಿನಿಂದ ಹಿಟ್ಟು ಸೋರದ ಹಾಗೆ ಕಾಗದ ನೆನೆಸಿ, ಮೆಂತ್ಯದ ಜೊತೆ ರುಬ್ಬಿ ಮೆತ್ತುತ್ತಾರೆ. ನೆನೆಯುವುದಕ್ಕೆ ಒಂದು ದಿನ ಸಾಕು.

ಹಿದಾಯತ್ ಅಂಗಡಿಯನ್ನು ಹೆಂಡತಿಗೆ ಬಿಟ್ಟು ನನ್ನ ಜೊತೆ ಬಸ್ಸು ಹತ್ತಿದ. ಹರಿಹರ ಎಷ್ಟು ದೂರ? ಒಂಬತ್ತು ಮೈಲಿ. ಆ ಬಸ್ಸು ನಿಂತಲ್ಲೆಲ್ಲ ನಿಂತು, ಮಂಡಕ್ಕಿ ಚೀಲ ಹತ್ತಿಸಿಕೊಂಡು, ಡ್ರೈವರ್ ಯಾರದೋ ಮನೆಯ ಕ್ಷೇಮ ಸಮಾಚಾರ ವಿಚಾರಿಸಿ ಹೊರಡುವಷ್ಟರಲ್ಲಿ ನಾನು ನಾಲ್ಕು ಸಲ ಸೀಟಿನಿಂದ ಎದ್ದು ಕೂತಿದ್ದೆ. ಈ ಹೊತ್ತಿಗೆ ಒರಳಿಗೆ ಹಾಕಿರಬಹುದು. ಇಲ್ಲ, ಇನ್ನೂ ನೆನೆಯುತ್ತಿರಬಹುದು. ನೆನೆದರೂ ಹೋಯಿತಲ್ಲ?

ದಾರಿಯಲ್ಲಿ ಹಿದಾಯತ್‌ನಿಗೆ ಎಲ್ಲ ಹೇಳಿದೆ, ಮಾಯಕೊಂಡದ ಸಂಗತಿಯೊಂದು ಬಿಟ್ಟು. ಅವನು ಕೇಳಿದ.

"ಆ ಗುರುತಿನ ವಿಷಯ ಬರೋ ಹುಡುಗಿಗೆ ಗೊತ್ತೈತಾ?"

"ಇಲ್ಲ."

"ಮತ್ಯಾರಿಗೆ ಗೊತ್ತೈತೆ?"

"ಯಾರಿಗೂ ಇಲ್ಲ."

"ಹಂಗಾರೆ ಸುಮ್ಮನಿರ್ರಿ ಅಣ್ಣ. ನೀವೂ ಉಳೀತೀರಿ, ನಾನೂ ಉಳೀತೀನಿ."

ಅದನ್ನೇ ನಾನೂ ಯೋಚಿಸುತ್ತಿದ್ದೆ, ಅದಕ್ಕೇ ಅವನ ಮೇಲೆ ಸಿಟ್ಟು ಬಂತು. ಸುಮ್ಮನಿದ್ದರೆ ಚರಿತ್ರೆ ಅಚ್ಚಾಗುತ್ತದೆ, ಮಹೋತ್ಸವದಲ್ಲಿ ಶಾಲು ಹೊದಿಸುತ್ತಾರೆ. ಆದರೆ ಮಸಿಯಲ್ಲಿ ಬರೆದದ್ದೇ ನಿಜವಾಗುತ್ತದೆ. ನಿಜವಾದರೆ, ದೋಣಿ ದಿನಾ ಹೋಗಿದೆ. ಹೆಂಡತಿ ಮಗು ಮಾಯಕೊಂಡದಲ್ಲಿರುವಾಗ ನಾನು ಬರಬಹುದಾಗಿತ್ತು, ಬರಲಿಲ್ಲ.

ರಂಗವ್ವನ ಮನೆ ಮೇದಾರ ಓಣಿಯಲ್ಲಿ, ಹೊಳೆಗೆ ಹತ್ತಿರ. ಹೊತ್ತು ಇನ್ನೂ ಮುಳುಗಿರಲಿಲ್ಲ. ಕಟ್ಟೆಯ ಮೇಲೆ ಹೊಸದಾಗಿ ಮೆತ್ತಿದ ನಾಲ್ಕು ಮರ ಒಣಗುತ್ತಿದ್ದವು. ಅವಳು ಒರಳಿನ ಮುಂದೆ ಕೂತಿದ್ದಳು.

"ನಿಲ್ಲಿಸವ್ವಾ!" ಅಂತ ಕೂಗಿದೆ. ಓಣಿಯ ನಾಯಿಗಳೆಲ್ಲ ಎದ್ದವು.

ರಂಗವ್ವ ಒನಕೆ ಕೆಳಗಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಯಾಕ್ರೀ ಯಜಮಾನ್ರ, ಒರಳಾಗ ನಿಮ್ಮ ಬಂಗಾರ ಬಿದ್ದೈತೇನು?"

ವಿಷಯ ಕೇಳಿ ಸಿಮೆಂಟಿನ ಬಾನಿ ತೋರಿಸಿದಳು. ನೀರಿನಲ್ಲಿ ದಾರ ಸುತ್ತಿದ ಕಟ್ಟುಗಳು ಮುಳುಗಿದ್ದವು. ತೋಳು ಮಡಿಸಿ ಕೈ ಹಾಕಿದೆ. ಏಳು. ಉಳಿದ ನಾಲ್ಕು?

"ಬೆಳಿಗ್ಗೆನ ಕುಟ್ಟಿ ಮೆತ್ತೀನಿ" ಅಂದು ಕಟ್ಟೆಯ ಮರಗಳ ಕಡೆ ಗದ್ದ ಎತ್ತಿದಳು.

ಒಂದು ಕಟ್ಟನ್ನು ಬಿಡಿಸಿ ಬೆಳಕಿಗೆ ಹಿಡಿದೆ. ಮಸಿ ಆಗಿದ್ದರೆ ತೊಳೆದು ಹೋಗುತ್ತಿತ್ತು. ಸೀಸ ಹೋಗಿರಲಿಲ್ಲ. ನಮ್ಮಲ್ಲಿ ಅಲೆಯ ನೀರು ಹಾರುವ ದೋಣಿಯಲ್ಲಿ ಬರೆಯುವುದಕ್ಕೆಂದೇ ಎಲ್ಲರ ಜೇಬಿನಲ್ಲೂ ಸೀಸದಕಡ್ಡಿ ಇರುತ್ತಿತ್ತು. ಒದ್ದೆ ಪಟ್ಟಿಯ ಮೇಲೆ ಸಣ್ಣ ಸಣ್ಣ ಇಂಟುಗಳು, ಹಾಕಿದ ದಿನ ಇದ್ದ ಹಾಗೇ ಇದ್ದವು. ಯಾರ ಕೈಯದೋ, ಯಾವ ಇಸವಿಯದೋ. ನನಗೆ ಅಳು ಬಂತು. ಹಿದಾಯತ್ ಆ ಕಡೆ ತಿರುಗಿ ನಿಂತ.

"ಈ ಮರಗಳನ್ನೂ ಕೊಡವ್ವ" ಅಂದೆ.

"ಹಸಿ ಅದಾವಲ್ರಿ!"

"ಇರಲಿ."

ರಂಗವ್ವನ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಏಳು ಕಟ್ಟು, ಹಿದಾಯತ್‌ನ ಎರಡೂ ಕೈಯಲ್ಲಿ ನಾಲ್ಕು ಹಸಿ ಮರ. ಬಸ್ಸಿನಲ್ಲಿ ಮೆಂತ್ಯದ ವಾಸನೆಗೆ ಜನ ಸರಿದು ಕೂತರು. ಕಾಲ ಮೇಲೆ ನೀರು ಚೆಲ್ಲಿಸಿಕೊಂಡ ಕಂಡಕ್ಟರ್ ಬೈದ. ಬೈಯಲಿ ಬಿಡು ಅಂದುಕೊಂಡೆ. ಹನ್ನೊಂದರಲ್ಲಿ ಏಳು ಸಿಕ್ಕಿವೆ, ನನ್ನದೊಂದು ಅದರಲ್ಲಿರದೆ ಹೋದೀತೇ?

ಶನಿವಾರ ಪೂರ್ತಿ ನಡುಮನೆಯ ನೆಲವೆಲ್ಲ ಪಟ್ಟಿ. ಫ್ಯಾನ್ ಹಾಕಿದರೆ ಹಾರುತ್ತವೆ, ಹಾಕದಿದ್ದರೆ ಒಣಗುವುದಿಲ್ಲ. ಯಾವ ಕಟ್ಟು ಯಾವ ರಿಜಿಸ್ಟರಿನದು ಅಂತ ತಿಳಿಯಲು ಹುಳು ಕೊರೆದ ತೂತುಗಳೇ ದಾರಿ. ಪುಟದ ತೂತಿಗೆ ಪಟ್ಟಿಯ ತೂತು ಕೂಡಬೇಕು. ಮೊದಲನೆಯದು ಕೂಡಿತು, ಎರಡನೆಯದು ಕೂಡಿತು. ನಾಲ್ಕು, ಐದು, ಆರು. ಸರ್ವಮಂಗಳ ಪಟ್ಟಿ ತುಳಿಯದ ಹಾಗೆ ಸೀರೆ ಎತ್ತಿ ಹಿಡಿದು ಅಡುಗೆಮನೆಗೆ ಹೋಗುತ್ತಿದ್ದಳು, ಬರುತ್ತಿದ್ದಳು. ತಟ್ಟೆಯಲ್ಲಿ ರೊಟ್ಟಿ ಇಟ್ಟು, ಅದು ತಣ್ಣಗಾದ ಮೇಲೆ ತೆಗೆದಳು. ಮಧ್ಯಾಹ್ನ ಮೂರರ ಹೊತ್ತಿಗೆ ಉಳಿದದ್ದು ಒಂದೇ ಕಟ್ಟು. ಅದನ್ನು ಬಿಚ್ಚಲು ಅರ್ಧ ಗಂಟೆ ಧೈರ್ಯ ಬರಲಿಲ್ಲ. ಬಿಚ್ಚಿ ಏಳನೆಯ ರಿಜಿಸ್ಟರಿಗೆ ಹಿಡಿದೆ. ಕೂಡಲಿಲ್ಲ. ತಿರುಗಿಸಿ ಹಿಡಿದೆ. ಕೂಡಲಿಲ್ಲ. ಒಂಬತ್ತನೆಯದಕ್ಕೆ ಕೂಡಿತು.

ಹನ್ನೊಂದನೆಯದು ಬೆಳಿಗ್ಗೆಯೇ ಕೂಡಿತ್ತು. ಅಲ್ಲಿಗೆ ಮೂರು, ಏಳು, ಎಂಟು, ಹತ್ತು ಮರದ ಪಾಲಾಗಿದ್ದವು. ಅಂಗಳಕ್ಕೆ ಹೋಗಿ ಒಣಗಿದ ಮರಗಳನ್ನು ಒಂದೊಂದಾಗಿ ಬಿಸಿಲಿಗೆ ಹಿಡಿದು, ಕನ್ನಡಕ ಏರಿಸಿ ನೋಡಿದೆ. ಬೂದು ಬಣ್ಣದ ಮೆತ್ತಿಗೆ, ಅಷ್ಟೇ.

ಭಾನುವಾರ ಹೆಂಡತಿ ಸಂತೆಗೆ ಹೋದಾಗ ಸೀಸದಕಡ್ಡಿ ಚೂಪು ಮಾಡಿಕೊಂಡು ಏಳನೆಯ ರಿಜಿಸ್ಟರ್ ಮುಂದೆ ಕೂತೆ. ಮಸಿಯ ಗೆರೆಗೂ ಕತ್ತರಿಸಿದ ಅಂಚಿಗೂ ನಡುವೆ ಒಂದು ಅಕ್ಕಿಕಾಳಿನಷ್ಟು ಜಾಗ ಉಳಿದಿತ್ತು. ಒಂಬತ್ತು ಇಂಟು. ನಾನು ಅವತ್ತು ಹಾಕಿದ್ದನ್ನೇ ಇವತ್ತು ಹಾಕಿದರೆ ಅದು ಸುಳ್ಳೇ? ಹಾಕಿ, "ನೋಡು, ಇಲ್ಲೇ ಇತ್ತು" ಅನ್ನಬಹುದಲ್ಲ? ಕೈ ಪುಟದ ಮೇಲೇ ನಿಂತಿತು. ಸುಳ್ಳನ್ನು ಮಸಿಯಲ್ಲಿ ಬರೆದು ಸಂಬಳ ತಿಂದವನು ನಾನು. ಸೀಸದಲ್ಲಿ ಮಾತ್ರ ಎಂದೂ ಸುಳ್ಳು ಬರೆದಿರಲಿಲ್ಲ. ಬಾಗಿಲಲ್ಲಿ ಸದ್ದಾಯಿತು. ಕಡ್ಡಿಯನ್ನು ಜೇಬಿಗೆ ಹಾಕಿಕೊಂಡೆ. ಅವಳು ತರಕಾರಿ ಚೀಲ ಇಟ್ಟು, ತೆರೆದ ಪುಸ್ತಕ ನೋಡಿ, ನನ್ನ ಜೇಬು ನೋಡಿದಳು. ನೆಲ ಬಿರಿದು ನನ್ನನ್ನು ನುಂಗಬಾರದೇ ಅನ್ನಿಸಿತು.

ಸೋಮವಾರ ಹತ್ತಕ್ಕೆ ಅಂಕಿತಾ ಬಂದಳು. ಇಪ್ಪತ್ತಾರು ಇಪ್ಪತ್ತೇಳರ ಹುಡುಗಿ, ಬಿಸಿಲಿಗೆ ಕಂದಿದ ಮುಖ, ನಿಜವಾಗಿಯೂ ಸಮುದ್ರಕ್ಕೆ ಇಳಿದವಳು. ಹೊಸ ಬೈಂಡಿಂಗ್ ನೋಡಿ ಮಗುವಿನ ಹಾಗೆ ಕುಣಿದಳು. ಪಟ್ಟಿಗಳನ್ನೆಲ್ಲ ನಾನು ಒಂದು ಬಟ್ಟೆಯಲ್ಲಿ ಸುತ್ತಿ ಮಂಚದ ಕೆಳಗೆ ತಳ್ಳಿದ್ದೆ. ಏನು ಮಾಡುವುದೆಂದು ಆಗಲೂ ತೀರ್ಮಾನಿಸಿರಲಿಲ್ಲ.

"ಸರ್, ನಿಮಗೆ ಗೊತ್ತಾ, ಎಲ್ಲ ಕಡೆಯೂ ಮಳೆಗಾಲದ ಅಂಕಿಗಳೇ ಇರುವುದಿಲ್ಲ. ನಮ್ಮಲ್ಲಿ ಮಾತ್ರ ಜೂನ್, ಜುಲೈ, ಆಗಸ್ಟ್ ಒಂದು ದಿನವೂ ಬಿಟ್ಟಿಲ್ಲ. ಸಮುದ್ರ ಎಷ್ಟು ಬಿಸಿಯಾಗಿದೆ ಅಂತ ಹೇಳುವ ನನ್ನ ಲೆಕ್ಕವೆಲ್ಲ ನಿಂತಿರುವುದೇ ಅದರ ಮೇಲೆ" ಅನ್ನುತ್ತಾ ಅವಳು ಏಳನೆಯದನ್ನು ತೆರೆದು ಒಂದು ಜುಲೈ ತೆಗೆದಳು. "ಅಕ್ಷರ ಎಷ್ಟು ಚಂದ! ಇದು ನಿಮ್ಮದಾ?"

ಸರ್ವಮಂಗಳ ಚಹಾದ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

"ನನ್ನದೇ ತಾಯಿ" ಅಂದೆ. "ಸುಳ್ಳೂ ನನ್ನದೇ."

ಮಂಚದ ಕೆಳಗಿನ ಗಂಟನ್ನು ಎಳೆದು ಅವಳ ಮುಂದೆ ಬಿಚ್ಚಿದೆ. ಮೊದಲ ಸಾಹೇಬನಿಂದ ಹಿಡಿದು ನನ್ನ ತನಕ ನಡೆದು ಬಂದ ಪದ್ಧತಿ ಹೇಳಿದೆ. ಯಾರನ್ನೂ ಕೇಳದೆ ಬೈಂಡಿಂಗಿಗೆ ಕೊಟ್ಟವನು ನಾನು, ಬೈಂಡರಿನ ತಪ್ಪಿಲ್ಲ ಅಂದೆ. ನಾಲ್ಕು ಮರಗಳನ್ನೂ ತಂದಿಟ್ಟೆ. ಬರೆಯುತ್ತಿದ್ದ ಚರಿತ್ರೆಯ ಮೊದಲ ಹಾಳೆ ತೆಗೆದು, ಮೊದಲ ವಾಕ್ಯಕ್ಕೆ ಅವಳೆದುರಿಗೇ ಗೀಟು ಹಾಕಿದೆ. ಹಾಕಿದ ಮೇಲೆ ಕುರ್ಚಿಯಲ್ಲಿ ಕೂತೆ. ಎಷ್ಟು ಮದುವೆಗಳಲ್ಲಿ ಆಡಿದ ಮಾತು ಅದು!

ಅಂಕಿತಾ ಗಂಟಿನತ್ತ ಬಗ್ಗಿದಳು. ಪಟ್ಟಿಯೊಂದನ್ನು ಪುಟಕ್ಕೆ ಹಿಡಿದು ನೋಡಿದಳು. ಮುಖದಲ್ಲಿ ಆ ಕುಣಿತ ಇರಲಿಲ್ಲ.

"ಏಳು ರಿಜಿಸ್ಟರು ಉಳಿದವು. ಈ ನಾಲ್ಕರ ಮಳೆಗಾಲವನ್ನೆಲ್ಲ ನಾನು ಬಿಡಬೇಕಾಗುತ್ತದೆ ಸರ್. ಇಪ್ಪತ್ತೆಂಟು ವರ್ಷ." ಅವಳ ದನಿಯಲ್ಲಿ ಸಿಟ್ಟಿತ್ತು, ಅದು ನ್ಯಾಯವೇ. "ಯಾವ ದಿನ ದೋಣಿ ಹೋಗಲಿಲ್ಲ ಅಂತ ನಿಮಗೆ ಒಂದಾದರೂ ನೆನಪಿದೆಯಾ?"

"ಒಂಬತ್ತು ದಿನ" ಅಂದೆ. ನಾನು ಹೇಳಿದರೆ ಸಾಕ್ಷಿ ಯಾರು?

ಸರ್ವಮಂಗಳ ಚಹಾ ಕೆಳಗಿಟ್ಟಳು. ನನ್ನ ಹತ್ತಿರ ಬಂದು, ನಿನ್ನೆಯಿಂದ ಜೇಬಿನಲ್ಲೇ ಇದ್ದ ಸೀಸದಕಡ್ಡಿ ತೆಗೆದುಕೊಂಡಳು. ಪುಸ್ತಕದ ಮುಂದೆ ನೆಲದ ಮೇಲೆ ಕೂತು ಹಾಳೆ ತಿರುವಿದಳು. ಜುಲೈ 1969. ಎಂಟನೇ ತಾರೀಕಿನ ಮುಂದೆ, ಆ ಅಕ್ಕಿಕಾಳಿನಷ್ಟು ಜಾಗದಲ್ಲಿ, ಒತ್ತಿ ಒಂದು ಇಂಟು ಹಾಕಿದಳು. ಒಂಬತ್ತಕ್ಕೆ ಒಂದು. ಹತ್ತಕ್ಕೆ ಒಂದು. ಹದಿಮೂರಕ್ಕೆ ಬಂದಾಗ ಕೈ ಸ್ವಲ್ಪ ನಿಂತಿತು, ಮತ್ತೆ ಹಾಕಿದಳು. ಹದಿನಾರರ ತನಕ ಹಾಕಿ ಕಡ್ಡಿಯನ್ನು ನನ್ನ ಕೈಗೆ ಕೊಟ್ಟಳು.

"ಇಷ್ಟು ದಿನ ದೋಣಿ ಹೋಗಿಲ್ಲ. ಬರಕೊಳ್ಳವ್ವ."

ಅಂಕಿತಾ ಅವಳನ್ನೇ ನೋಡಿದಳು. "ನಿಮಗೆ ಹೇಗೆ ಗೊತ್ತು ಅಮ್ಮ? ಆಗ ನೀವು ದ್ವೀಪದಲ್ಲಿದ್ದಿರಾ?"

"ಇಲ್ಲವ್ವ. ಮಾಯಕೊಂಡದಾಗಿದ್ದೆ. ಇವರ ದಾರಿ ನೋಡ್ತಿದ್ದೆ."